ಪಾರ್ಸೆಲ್ ದೋಸೆ

ದಾವಣಗೆರೆಯಲ್ಲಿ ಮನೆ ಎಂದರೆ ಸಾಕು, ಎದುರಿಗಿದ್ದವರು ಕೇಳುವ ಮೊದಲ ಪ್ರಶ್ನೆ ಒಂದೇ: "ಹೌದಾ, ಹಾಗಾದರೆ ಬೆಣ್ಣೆ ದೋಸೆ ಎಲ್ಲಿ ಚೆನ್ನಾಗಿರುತ್ತದೆ ಹೇಳಿ." ಈಗಾದರೆ ಒಂದೆರಡು ಹೋಟೆಲುಗಳ ಗುರುತು ಹೇಳಿ, ಯಾವ ಹೊತ್ತಿಗೆ ಹೋಗಬೇಕು, ಯಾವ ಬೆಂಚಿನಲ್ಲಿ ಕೂರಬೇಕು ಎಂಬುದನ್ನೂ ಸೇರಿಸಿ ಕಳಿಸುತ್ತೇನೆ. ಆದರೆ ಈ ಊರಿಗೆ ಸೊಸೆಯಾಗಿ ಬಂದ ಮೊದಲ ವರ್ಷಗಳಲ್ಲಿ ಯಾರಾದರೂ ಹೀಗೆ ಕೇಳಿದರೆ ನನಗೆ ಒಳಗೊಳಗೇ ನಗು ಬರುತ್ತಿತ್ತು. ಅದೇನು ಮಹಾ ದೋಸೆ! ಮೆತ್ತಗೆ, ತಣ್ಣಗೆ, ಅಂಟಂಟಾಗಿ, ಮೇಲೆ ಮೇಣದ ಹಾಗೆ ಹೆಪ್ಪುಗಟ್ಟಿದ ಬೆಣ್ಣೆ. ತವರಿನಲ್ಲಿ ಅಮ್ಮ ಹಿಂದಿನ ದಿನ ಉಳಿದ ಹಿಟ್ಟಿನಲ್ಲಿ ಹುಯ್ದು ಕೊಡುತ್ತಿದ್ದ ದೋಸೆಯೇ ಇದಕ್ಕಿಂತ ನೂರು ಪಾಲು ಮೇಲು ಎಂದು ಗಟ್ಟಿಯಾಗಿಯೇ ಹೇಳುತ್ತಿದ್ದೆ. ಅತ್ತೆಯವರೂ ತಲೆಯಾಡಿಸುತ್ತಿದ್ದರು. ಹುಟ್ಟಿದ್ದು, ಬೆಳೆದದ್ದು, ಮದುವೆಯಾದದ್ದು ಎಲ್ಲ ಇದೇ ಊರಿನಲ್ಲಿ ಆದ ಅವರೇ ಒಪ್ಪಿದ ಮೇಲೆ ನನ್ನ ತೀರ್ಪಿನ ಬಗ್ಗೆ ನನಗೆ ಯಾವ ಅನುಮಾನವೂ ಉಳಿದಿರಲಿಲ್ಲ.

ನಾವಿಬ್ಬರೂ ತೀರ್ಪು ಕೊಡುತ್ತಿದ್ದುದು ಪಾರ್ಸೆಲ್ ದೋಸೆಯ ಮೇಲೆ ಎಂಬುದು ನನಗೆ ಹೊಳೆಯಲು ಆರು ವರ್ಷ ಬೇಕಾಯಿತು.

ಭಾನುವಾರ ಬೆಳಿಗ್ಗೆ ಮಾವನವರು, ನನ್ನ ಯಜಮಾನರು, ಮೈದುನ ಮೂವರೂ ಪೇಟೆ ಕಡೆ ಹೊರಡುತ್ತಿದ್ದರು. ಕ್ಷೌರ, ದಿನಸಿ, ಪರಿಚಯದವರ ಜೊತೆ ನಾಲ್ಕು ಮಾತು, ಆಮೇಲೆ ದೋಸೆ. ಹನ್ನೊಂದು ಗಂಟೆಯ ಹೊತ್ತಿಗೆ ಮಾವನವರ ಕೈಚೀಲದಲ್ಲಿ ತರಕಾರಿಯ ಮೇಲೆ ಒಂದು ಪೊಟ್ಟಣ ಬರುತ್ತಿತ್ತು. ಹೊರಗೆ ದಿನಪತ್ರಿಕೆ, ಒಳಗೆ ಬಾಳೆಲೆ, ಅದರೊಳಗೆ ಒಂದರ ಮೇಲೊಂದು ಮಡಿಚಿಟ್ಟ ದೋಸೆ. "ನಿಮಗೂ ತಂದಿದ್ದೀವಿ" ಎನ್ನುವಾಗ ಅವರ ದನಿಯಲ್ಲಿ ನಿಜವಾದ ಪ್ರೀತಿಯೇ ಇರುತ್ತಿತ್ತು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಅಷ್ಟು ಹೊತ್ತಿಗೆ ಸಾರಿಗೆ ಒಗ್ಗರಣೆ ಬಿದ್ದಿರುತ್ತಿತ್ತು, ಅನ್ನಕ್ಕೆ ಎಸರು ಕುದಿಯುತ್ತಿರುತ್ತಿತ್ತು. ನಾವು ಅಡಿಗೆಮನೆಯ ಕಟ್ಟೆಗೆ ಒರಗಿ ನಿಂತುಕೊಂಡೇ ಅದನ್ನು ತಿಂದು ಕೈ ತೊಳೆಯುತ್ತಿದ್ದೆವು.

ಅಡಿಗೆ ಬಲ್ಲವರಿಗೆ ಇದರಲ್ಲಿ ಆಗಿರುವ ಅನ್ಯಾಯವನ್ನು ಬಿಡಿಸಿ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ. ಬೆಣ್ಣೆ ದೋಸೆಯ ಹಿಟ್ಟಿಗೆ ಅಕ್ಕಿ, ಉದ್ದಿನ ಜೊತೆ ಮಂಡಕ್ಕಿಯೂ ಬೀಳುತ್ತದೆ. ರಾತ್ರಿಯೆಲ್ಲ ಹುದುಗಿದ ಆ ಹಿಟ್ಟನ್ನು ಕಾದ ದಪ್ಪ ಕಾವಲಿಯ ಮೇಲೆ ಮಸಾಲೆ ದೋಸೆಯಷ್ಟು ತೆಳ್ಳಗೆ ಎಳೆಯದೆ ಚಿಕ್ಕದಾಗಿ, ತುಸು ದಪ್ಪಗೇ ಹುಯ್ಯುತ್ತಾರೆ. ಉಗಿ ಮೇಲೇಳುತ್ತ ದೋಸೆಯ ತುಂಬ ತೂತು ಬೀಳುತ್ತದೆ. ಮೇಲೆ ಹಾಕಿದ ಬೆಣ್ಣೆ ಕರಗಿ ಆ ತೂತುಗಳೊಳಕ್ಕೆ ಇಳಿದು ತಳವನ್ನು ಗರಿಗರಿಯಾಗಿ ಕರಿಯುತ್ತದೆ, ನಡುಭಾಗ ಮಾತ್ರ ಹತ್ತಿಯ ಹಾಗೆ ಮೆತ್ತಗಿರುತ್ತದೆ. ಅದರ ಸೊಗಸೆಲ್ಲ ಹೀಗೆ ಕಾವಲಿಯಿಂದ ತಟ್ಟೆಗೆ, ತಟ್ಟೆಯಿಂದ ಬಾಯಿಗೆ ಬರುವ ಐದೇ ಐದು ನಿಮಿಷದಲ್ಲಿ. ಎಲೆಯಲ್ಲಿ ಕಟ್ಟಿದ ಕೂಡಲೇ ಉಗಿ ಹೊರಗೆ ಹೋಗಲು ದಾರಿಯಿಲ್ಲದೆ ನೀರಾಗಿ ಗರಿಯನ್ನೆಲ್ಲ ಮೆತ್ತಗೆ ಮಾಡುತ್ತದೆ. ಬಾಯೊಳಗಿನ ಬಿಸಿಗೆ ಕರಗಬೇಕಾದ ಬೆಣ್ಣೆ ದಾರಿಯಲ್ಲೇ ಗಟ್ಟಿಯಾಗಿ ಅಂಗುಳಕ್ಕೆ ಅಂಟುತ್ತದೆ. ಇಡ್ಲಿ ಪಾರ್ಸೆಲ್ ತಾಳುತ್ತದೆ, ಚಿತ್ರಾನ್ನ ತಾಳುತ್ತದೆ. ಈ ದೋಸೆ ತಾಳುವುದಿಲ್ಲ. ಇದರ ರುಚಿ ಬೇಕೆಂದರೆ ಹೋಟೆಲಿನಲ್ಲಿ ಕೂತೇ ತಿನ್ನಬೇಕು. ಹಾಗಾಗಿ ಹೋಟೆಲಿನಲ್ಲಿ ಯಾರು ಕೂರಬಹುದು ಎಂಬ ಪ್ರಶ್ನೆಯನ್ನು ಬದಿಗಿಟ್ಟು ಈ ದೋಸೆಯ ರುಚಿಯನ್ನು ಮಾತಾಡಲು ಬರುವುದಿಲ್ಲ.

ಹೋಟೆಲುಗಳ ಬಗ್ಗೆ ಬರೆಯುವವರು ಇದನ್ನು ಯಾಕೆ ಬರೆಯುವುದಿಲ್ಲ ಎಂದು ನಾನು ಯೋಚಿಸಿದ್ದೇನೆ. ನಮ್ಮಲ್ಲಿ ಹಳೆಯ ಹೋಟೆಲುಗಳ ನೆನಪಿನ ಬರಹಕ್ಕೆ ಕೊರತೆಯಿಲ್ಲ. ಗೆಳೆಯರ ಗುಂಪು, ಬೈಟು ಕಾಫಿ, ರಾಜಕೀಯದ ಹರಟೆ, ಗಲ್ಲಾದ ಮೇಲೆ ಕೂತ ಮಾಲೀಕರ ಸಾಲದ ಪುಸ್ತಕ. ಓದಲು ಬಹಳ ಚೆನ್ನಾಗಿರುತ್ತದೆ. ಆದರೆ ಆ ಬರಹಗಳಲ್ಲಿ ಹೆಂಗಸು ಬರುವುದು ಅಪರೂಪ. ಬಂದರೂ ಮನೆಯಲ್ಲಿ ಕಾಯುತ್ತಿರುತ್ತಾಳೆ. ಚಟ್ನಿಯ ಖಾರ ಅಳೆದವರು, ಕಾಫಿಯ ನೊರೆ ಅಳೆದವರು ಯಾರೂ ಆ ಬೆಂಚಿನ ಮೇಲೆ ಯಾರಿಗೆ ಜಾಗವಿತ್ತು ಎಂಬುದನ್ನು ಅಳೆದಂತಿಲ್ಲ. ಅವರನ್ನು ಯಾರೂ ಏಳು ಎಂದಿರಲಿಲ್ಲ, ಹಾಗಾಗಿ ಅವರಿಗೆ ಅದು ಕಾಣಲೇ ಇಲ್ಲ.

ವಿಚಿತ್ರವೆಂದರೆ ಈ ದೋಸೆಯ ಮೂಲದಲ್ಲೇ ಒಬ್ಬ ಹೆಂಗಸಿದ್ದಾಳೆ. ಊರಿನಲ್ಲಿ ಬಹುಕಾಲದಿಂದ ಹೇಳಿಕೊಂಡು ಬಂದಿರುವ, ಪತ್ರಿಕೆಗಳಲ್ಲೂ ಅಚ್ಚಾಗಿರುವ ಕತೆಯ ಪ್ರಕಾರ, ಬೆಳಗಾವಿ ಸೀಮೆಯ ಚೆನ್ನಮ್ಮ ಎಂಬಾಕೆ 1928ರಲ್ಲಿ ಮಕ್ಕಳನ್ನು ಕಟ್ಟಿಕೊಂಡು ದಾವಣಗೆರೆಗೆ ಬಂದು, ನಾಟಕ ನಡೆಯುತ್ತಿದ್ದ ಥಿಯೇಟರಿನ ಹತ್ತಿರ ದೋಸೆ ಹುಯ್ಯಲು ಕೂತಳು. ಮೊದಮೊದಲು ಅದು ರಾಗಿ ಹಿಟ್ಟಿನ ದೋಸೆ. ಅಕ್ಕಿ, ಉದ್ದು, ಮಂಡಕ್ಕಿಯ ಈಗಿನ ಹದ ಬಂದದ್ದು ಆಕೆಯ ಗಂಡುಮಕ್ಕಳ ಕಾಲಕ್ಕೆ. ನಾಟಕ ನೋಡಲು ಬಂದವರ ಹಸಿವು, ಹತ್ತಿ ಮಿಲ್ಲುಗಳ ಕೆಲಸಗಾರರ ಹಸಿವು ಇವು ಆ ದೋಸೆಯನ್ನು ಬೆಳೆಸಿರಬೇಕು. ಹಿಟ್ಟಿಗೆ ಹಾಕುವ ಮಂಡಕ್ಕಿಗಾಗಿ ಭಟ್ಟಿಗಳ ಹೊಗೆಯಲ್ಲಿ ಗಂಡಸರ ಜೊತೆ ಹೆಂಗಸರೂ ಬೇಯುತ್ತಾರೆ. ಹಳ್ಳಿಯ ಮನೆಗಳಲ್ಲಿ ಬೆಣ್ಣೆ ಕಡೆಯುತ್ತ ಬಂದವರೂ ಹೆಂಗಸರೇ. ಇಷ್ಟು ಕೈಗಳು ಸೇರಿ ಮಾಡಿದ್ದನ್ನು ಬಿಸಿಯಾಗಿ ತಿನ್ನುವ ಸರದಿ ಬಂದಾಗ ಮಾತ್ರ ನಮ್ಮ ಪಾಲಿಗೆ ಪೊಟ್ಟಣ.

ನಾನು ಮೊದಲ ಸಲ ಹೋಟೆಲಿನ ಒಳಗೆ ಕೂತು ಬೆಣ್ಣೆ ದೋಸೆ ತಿಂದದ್ದು 1997ರಲ್ಲಿ, ದಾವಣಗೆರೆ ಜಿಲ್ಲೆಯಾದ ವರ್ಷ. ಯಜಮಾನರ ಜೊತೆ ಬಟ್ಟೆ ಅಂಗಡಿಗೆ ಹೋದವಳು ಹಟ ಮಾಡಿ ಹೋಟೆಲಿಗೆ ಕರೆದುಕೊಂಡು ಹೋದೆ. ಬಾಗಿಲಲ್ಲೇ ಸಪ್ಲಾಯರ್ ಹುಡುಗ ನಮ್ಮನ್ನು ನೋಡಿ "ಫ್ಯಾಮಿಲಿ ಒಳಗೈತ್ರಿ" ಎಂದು ಕೈ ತೋರಿಸಿದ. ಫ್ಯಾಮಿಲಿ ರೂಮು ಎಂದರೆ ಏನು ಎಂದು ನನ್ನ ವಯಸ್ಸಿನ ಓದುಗರಿಗೆ ಗೊತ್ತು. ಹಿತ್ತಿಲ ಕಡೆಯ ಕತ್ತಲೆಯ ಗೂಡು, ಅರ್ಧ ಬಾಗಿಲು, ಎಣ್ಣೆ ಜಿಡ್ಡು ಹಿಡಿದ ಪರದೆ, ತಿರುಗಿದರೂ ಗಾಳಿ ಬಾರದ ಫ್ಯಾನು. ಕಾವಲಿ ಇರುವುದು ಮುಂಬಾಗಿಲಲ್ಲಿ, ನಾವಿರುವುದು ಕಟ್ಟಕಡೆಯಲ್ಲಿ. ಹುಡುಗ ದಾರಿಯ ಎಲ್ಲ ಟೇಬಲ್ಲುಗಳಿಗೂ ಉತ್ತರ ಕೊಟ್ಟು ನಮ್ಮ ಹತ್ತಿರ ಬರುವ ಹೊತ್ತಿಗೆ ದೋಸೆಯ ಅರ್ಧ ಜೀವ ಹೋಗಿರುತ್ತಿತ್ತು. ಚಟ್ನಿ ಇನ್ನೊಮ್ಮೆ ಬೇಕೆಂದರೆ ಪರದೆ ಸರಿಸಿ ಕೂಗಬೇಕು, ಕೂಗಿದರೆ ಹೊರಗಿನವರೆಲ್ಲ ತಿರುಗಿ ನೋಡುತ್ತಾರೆ.

ಆದರೂ ಆ ಅರ್ಧ ಜೀವದ ದೋಸೆಯೇ ನನ್ನನ್ನು ಬೆಚ್ಚಿಬೀಳಿಸಿತು. ಅಂಚು ಮುರಿದರೆ ಸದ್ದಾಯಿತು. ಅರಿಶಿನವಿಲ್ಲದ ಬೆಳ್ಳಗಿನ ಆಲೂಗಡ್ಡೆ ಪಲ್ಯ, ಹಸಿಮೆಣಸಿನಕಾಯಿಯ ನೀರು ಚಟ್ನಿ, ನಾಲಿಗೆಯ ಮೇಲೆ ಕರಗಿದ ಬೆಣ್ಣೆ. ಆರು ವರ್ಷ ನಾನು ಹೇಳಿಕೊಂಡು ಬಂದ ಮಾತೆಲ್ಲ ಸುಳ್ಳಾಯಿತು. ಮನೆಗೆ ಬಂದು ಅತ್ತೆಯವರಿಗೆ ಹೇಳಿದೆ. ಅವರು ನಂಬಲಿಲ್ಲ. "ಹೋಟ್ಲಾಗೆ ಕುಂತು ತಿಂದ್ರೆ ಎಲ್ಲಾನೂ ರುಚೀನೇ ಬಿಡು" ಎಂದು ನಕ್ಕು ಸುಮ್ಮನಾದರು.

ಒಬ್ಬಳೇ ಹೋದದ್ದು ಇನ್ನೂ ಆರು ವರ್ಷಗಳ ನಂತರ. ಕಚೇರಿಯೊಂದರಲ್ಲಿ ಜಮೀನಿನ ಕಾಗದಕ್ಕಾಗಿ ಬೆಳಿಗ್ಗೆಯಿಂದ ಕಾದು, "ಊಟ ಆದ ಮೇಲೆ ಬನ್ನಿ" ಎಂಬ ಮಾತು ಕೇಳಿ ಹೊರಗೆ ಬಂದಿದ್ದೆ. ಮನೆಗೆ ಹೋಗಿ ಬರಲು ಹೊತ್ತಿಲ್ಲ, ಹೊಟ್ಟೆ ಚುರುಗುಟ್ಟುತ್ತಿದೆ. ಹೋಟೆಲಿಗೆ ಹೋಗಿ ಕಾವಲಿಗೆ ಹತ್ತಿರದ ಟೇಬಲ್ಲಿನಲ್ಲಿ ಕೂತೆ. ಸಪ್ಲಾಯರ್ ಬಂದು "ಅಕ್ಕಾರೆ, ಒಳಗೆ ಹೋಗ್ರಿ, ಫ್ಯಾಮಿಲಿ ರೂಮೈತಿ" ಎಂದ. "ನಾನೊಬ್ಬಳೇ ಇರೋದು, ಇಲ್ಲೇ ಕೂರ್ತೀನಿ" ಎಂದೆ. ಅವನು ಗಲ್ಲಾದ ಕಡೆ ನೋಡಿದ. ಗಲ್ಲಾದವರು ಸೂರಿನ ಕಡೆ ನೋಡಿದರು. ಎದುರಿಗೆ ಕೂತಿದ್ದ ಹಿರಿಯರೊಬ್ಬರು ಒಂದು ಮಾತೂ ಆಡದೆ ತಮ್ಮ ತಟ್ಟೆ ಎತ್ತಿಕೊಂಡು ಪಕ್ಕದ ಟೇಬಲ್ಲಿಗೆ ಹೋದರು. ಅದು ಮರ್ಯಾದೆಯೋ, ಅಸಮಾಧಾನವೋ ನನಗೆ ಇವತ್ತಿಗೂ ತಿಳಿದಿಲ್ಲ.

ದೋಸೆ ಬಂತು. ಕಾವಲಿಯಿಂದ ಆರು ಹೆಜ್ಜೆ ದೂರ, ಹೊಗೆಯಾಡುತ್ತಿದ್ದ ದೋಸೆ. ಆದರೆ ನಿಜ ಹೇಳುತ್ತೇನೆ, ಅವತ್ತಿನ ದೋಸೆಯ ರುಚಿ ನನಗೆ ನೆನಪಿಲ್ಲ. ತಲೆ ತಗ್ಗಿಸಿ, ನಾಲ್ಕೇ ನಿಮಿಷದಲ್ಲಿ ತಿಂದು, ಚಿಲ್ಲರೆ ಎಣಿಸದೆ ಎದ್ದು ಬಂದೆ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎನ್ನುತ್ತಾರೆ. ಹೆಂಗಸು ಹೋಟೆಲಿನಲ್ಲಿ ಒಬ್ಬಳೇ ಕೂತಾಗ ನೋಟವೂ ಪರರದು, ಊಟವೂ ಪರರದು. ದೋಸೆ ಬಿಸಿಯಾಗಿದ್ದರೆ ಸಾಲದು, ತಿನ್ನುವವಳ ಎದೆ ಬಡಿದುಕೊಳ್ಳದೆ ಇರಬೇಕು ಎಂದು ಅವತ್ತು ಕಲಿತೆ. ಎರಡನೆಯ ಸಲ ಸ್ವಲ್ಪ ರುಚಿ ತಿಳಿಯಿತು. ಐದನೆಯ ಸಲಕ್ಕೆ ಚಟ್ನಿಯಲ್ಲಿ ಹುರಿಗಡಲೆ ಹೆಚ್ಚಾಗಿದೆ ಎಂದು ಸಪ್ಲಾಯರ್ ಹತ್ತಿರ ತಗಾದೆ ತೆಗೆದೆ. ಅವನು "ಭಟ್ರಿಗೆ ಹೇಳ್ತೀನಕ್ಕಾ" ಎಂದ. ಗಿರಾಕಿಯಾದೆ ಎಂದು ನನಗೆ ಅನ್ನಿಸಿದ್ದು ಆಗ.

ಯಾರೂ ನನ್ನನ್ನು ಬೇಡ ಎಂದಿರಲಿಲ್ಲವಲ್ಲ, ಒಳಗೆ ಕೂರಿ ಎಂದರಷ್ಟೆ ಎಂದು ನೀವು ಕೇಳಬಹುದು. ನಮ್ಮ ಸಂವಿಧಾನದ ಹದಿನೈದನೆಯ ವಿಧಿಯನ್ನು ನಾನು ಓದಿದ್ದು ಮಗಳ ಪರೀಕ್ಷೆಯ ಪುಸ್ತಕದಲ್ಲಿ. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಇವುಗಳ ಕಾರಣಕ್ಕೆ ಯಾರನ್ನೂ ಅಂಗಡಿ, ಹೋಟೆಲು, ಉಪಾಹಾರಗೃಹಗಳಿಂದ ದೂರವಿಡುವಂತಿಲ್ಲ ಎಂದು ಅದು ಹೇಳುತ್ತದೆ. ಮುಂದಿನ ಮಾತಿನಲ್ಲೇ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳೂ ಬರುತ್ತವೆ. 1950ರಲ್ಲಿ ಇದು ಜಾರಿಗೆ ಬಂದಾಗ ಹೋಟೆಲಿನ ಬೆಂಚನ್ನು ಊರಿನ ಬಾವಿಯ ಜೊತೆ ಯಾಕೆ ಇಟ್ಟರು ಎಂದು ದಲಿತರಿಗೆ ಯಾರೂ ವಿವರಿಸಬೇಕಾಗಿಲ್ಲ. ಅವರಿಗೆ ಬೇರೆ ಲೋಟ ಇಟ್ಟ ಹೋಟೆಲುಗಳೂ "ಬೇಡ" ಎನ್ನುತ್ತಿರಲಿಲ್ಲ, ಚಹಾ ಕೊಡುತ್ತಿದ್ದವು. ನನ್ನ ಪರದೆಯೂ ಆ ಲೋಟವೂ ಒಂದೇ ಎನ್ನುವಷ್ಟು ಬುದ್ಧಿಗೇಡಿ ನಾನಲ್ಲ. ನನ್ನನ್ನು ಒಳಕ್ಕೆ ಕಳಿಸಿದರು, ಅವರನ್ನು ಹೊರಕ್ಕೆ ನಿಲ್ಲಿಸಿದರು. ಅವರು ಅನುಭವಿಸಿದ ಅವಮಾನದ ನೂರರಲ್ಲೊಂದು ಪಾಲೂ ನನಗೆ ಆಗಿಲ್ಲ. ಆದರೆ ಹೋಟೆಲಿನ ನಡುಮನೆ ಯಾರ ಸ್ವತ್ತು ಎಂಬ ತೀರ್ಮಾನ ಎರಡು ಕಡೆಯೂ ಇತ್ತು. ಮರ್ಯಾದೆಯ ಹೆಸರಿನಲ್ಲಿ ನಡೆದರೆ ಅದು ಕಣ್ಣಿಗೆ ಬೀಳುವುದು ಸ್ವಲ್ಪ ತಡವಾಗುತ್ತದೆ, ಅಷ್ಟೆ.

ಈಗ ನಮ್ಮ ಪೇಟೆಯ ಹೋಟೆಲುಗಳನ್ನು ನನ್ನ ಅಳತೆಯಲ್ಲಿ ತೂಗಿ ನೋಡುತ್ತೇನೆ.

ದೋಸೆ ಹೋಟೆಲುಗಳಿಗೆ ರುಚಿಯಲ್ಲಿ ಇವತ್ತಿಗೂ ಎದುರಿಲ್ಲ. ಬೇರೆ ಊರುಗಳಲ್ಲಿ ನಮ್ಮೂರ ಹೆಸರಿನ ಬೋರ್ಡು ಹಾಕಿಕೊಂಡವರ ದೋಸೆಯನ್ನೂ ತಿಂದಿದ್ದೇನೆ. ಬೆಣ್ಣೆ ಹೆಚ್ಚು ಹಾಕಿದರೆ ಬೆಣ್ಣೆ ದೋಸೆಯಾಗುತ್ತದೆ ಎಂದು ತಿಳಿದವರೇ ಅವರಲ್ಲಿ ಬಹಳ. ಹಿಟ್ಟಿನ ಹದ, ಕಾವಲಿಯ ಕಾವು ಗೊತ್ತಿಲ್ಲ. ಆದರೆ ನಮ್ಮ ಹೋಟೆಲುಗಳಲ್ಲಿ ಬಹಳಷ್ಟು ಕಡೆ ಕೈ ತೊಳೆಯುವಲ್ಲಿ ಸೋಪಿನ ಚೂರು ಇರುವುದಿಲ್ಲ. ಶೌಚಾಲಯ ಕೇಳಿದರೆ ಬಸ್ ನಿಲ್ದಾಣದ ದಾರಿ ತೋರಿಸುತ್ತಾರೆ. ಇದ್ದರೂ ಬಾಗಿಲಿಗೆ ಚಿಲಕವಿಲ್ಲ. ಗಂಡಸು ವಿಮರ್ಶಕರು ಬರೆಯುವಾಗ ಇದಕ್ಕೆ ಅಂಕ ಕಳೆಯುವುದಿಲ್ಲ, ನಾನು ಕಳೆಯುತ್ತೇನೆ. ಹಳ್ಳಿಯಿಂದ ಬೆಳಿಗ್ಗೆ ಹೊರಟ ಹೆಂಗಸು ಇದೇ ಭಯಕ್ಕೆ ನೀರು ಕುಡಿಯದೆ ದೋಸೆ ತಿಂದು ಏಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಸಂಜೆಯ ಮಂಡಕ್ಕಿ ಮೆಣಸಿನಕಾಯಿ ಅಂಗಡಿಗಳು ಇನ್ನೊಂದು ಲೋಕ. ಖಾರ ಮಂಡಕ್ಕಿ, ಅದರ ಮಗ್ಗುಲಿಗೆ ಬಿಸಿ ಮೆಣಸಿನಕಾಯಿ ಬಜ್ಜಿ. ಇಲ್ಲಿ ಒಳಗೆ ಹೊರಗೆ ಎಂಬುದೇ ಇಲ್ಲ, ಎಲ್ಲವೂ ಬೀದಿ. ಪರದೆ ಕಟ್ಟಲು ಗೋಡೆಯಿಲ್ಲದ ಕಾರಣಕ್ಕೋ ಏನೋ ಹೆಂಗಸರು ಮೊದಲು ಧೈರ್ಯವಾಗಿ ನಿಂತದ್ದು ಇಲ್ಲಿಯೇ. ಕಾಲೇಜಿನ ಹುಡುಗಿಯರು ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸುತ್ತ ನಗುವುದನ್ನು ನೋಡಿದರೆ ನನಗೆ ಹೊಟ್ಟೆಕಿಚ್ಚು.

ಖಾನಾವಳಿಯಲ್ಲಿ ಮಾತ್ರ ಹೆಂಗಸು ಕಣ್ಣಿಗೆ ಬೀಳುತ್ತಾಳೆ, ಅದೂ ಒಲೆಯ ಮುಂದೆ. ರೊಟ್ಟಿ ಬಡಿಯುವ ಸದ್ದು ಕೇಳುತ್ತ ಎಣಗಾಯಿ ತಿನ್ನುವುದು ದೊಡ್ಡ ಸುಖ. ಅಡಿಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಎಂಬ ಗಾದೆ ಇಲ್ಲಿ ನಡೆಯುವುದಿಲ್ಲ. ಬಡಿದವಳನ್ನು ಯಾರೂ ಮಾತಾಡಿಸುವುದಿಲ್ಲ, ಬಡಿಸುವವರು ಗಂಡಸರು, ಬೋರ್ಡಿನ ಮೇಲಿರುವುದೂ ಗಂಡಸಿನ ಹೆಸರು. ಎದ್ದು ಬರುವಾಗ ಒಳಗೆ ಬಗ್ಗಿ "ರೊಟ್ಟಿ ಚೆನ್ನಾಗಿತ್ತಮ್ಮಾ" ಎಂದು ಹೇಳುವುದನ್ನು ನಾನು ರೂಢಿ ಮಾಡಿಕೊಂಡಿದ್ದೇನೆ. ಒಬ್ಬಾಕೆ ಒಮ್ಮೆ, "ನೀವು ಹೇಳಿದ್ರಿ ನೋಡ್ರಿ, ಇಷ್ಟು ವರ್ಷಕ್ಕೆ" ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡರು.

ಇನ್ನು ತಂಪು ಯಂತ್ರ ಹಾಕಿಸಿಕೊಂಡ ಹೊಸ ರೆಸ್ಟೋರೆಂಟುಗಳು. ಪಟ್ಟಿಯಲ್ಲಿ ಎಲ್ಲ ಊರಿನಲ್ಲೂ ಸಿಗುವ ಅದೇ ಪನ್ನೀರು, ಅದೇ ಗೋಬಿ ಮಂಚೂರಿ. 2024ರ ಮಾರ್ಚ್‌ನಲ್ಲಿ ಗೋಬಿಗೆ ಕೃತಕ ಬಣ್ಣ ಹಾಕುವುದನ್ನು ಸರ್ಕಾರ ನಿಷೇಧಿಸಿದಾಗ ನಮ್ಮ ಮನೆಯ ಮಕ್ಕಳು ಅದರ ನಿಜವಾದ ಬಣ್ಣವನ್ನು ಮೊದಲ ಸಲ ನೋಡಿದರು. ರುಚಿಗೆ ಇವಕ್ಕೆ ನಾನು ಪಾಸು ಅಂಕ ಕೊಡಲಾರೆ. ಆದರೆ ನನ್ನ ಗೆಳತಿಯರು ಹುಟ್ಟುಹಬ್ಬಕ್ಕೆ, ಚೀಟಿಯ ಊಟಕ್ಕೆ ಅಲ್ಲಿಗೇ ಹೋಗುತ್ತಾರೆ. ಅವರ ನಾಲಿಗೆ ಕೆಟ್ಟಿದೆ ಎಂದು ಬೈಯುವವರು ಒಂದು ವಿಷಯ ಮರೆಯುತ್ತಾರೆ. ಅಲ್ಲಿ ಎಲ್ಲಿ ಬೇಕಾದರೂ ಕೂರಬಹುದು, ಒಂದು ಗಂಟೆ ಕೂತರೂ ಯಾರೂ ಏಳಿಸುವುದಿಲ್ಲ, ಶೌಚಾಲಯಕ್ಕೆ ಚಿಲಕವಿದೆ. ಊರಿನವರದೇ ಹೋಟೆಲು ಉಳಿಯಬೇಕು, ಊರ ರುಚಿ ಉಳಿಯಬೇಕು ಎಂದು ಭಾಷಣ ಮಾಡುವ ಮಾಲೀಕರಿಗೆ ನನ್ನ ಸಲಹೆ ಸಣ್ಣದು: ಒಂದು ಚಿಲಕ, ಒಂದು ಸೋಪು, ಒಂದು ದೀಪ. ಬೆಣ್ಣೆಯ ಒಂದು ದಿನದ ಖರ್ಚಿಗಿಂತ ಇದು ಹೆಚ್ಚಾಗಲಾರದು.

ಬದಲಾವಣೆ ಆಗುತ್ತಿದೆ ಎಂಬುದನ್ನೂ ಹೇಳಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರ್ಕಾರಿ ಬಸ್ಸಿನ ಟಿಕೆಟ್ಟು ಉಚಿತವಾಯಿತು. ದೇವಸ್ಥಾನಗಳು ತುಂಬಿದ್ದನ್ನು ಎಲ್ಲರೂ ಬರೆದರು. ನಮ್ಮೂರಿನ ಹೋಟೆಲುಗಳಲ್ಲಿ ನಾನು ಕಂಡದ್ದು ಬೇರೆ. ಟಿಕೆಟ್ಟಿನ ದುಡ್ಡು ಉಳಿದ ಹೆಂಗಸರು ಮೂವರು ನಾಲ್ವರು ಕೂಡಿ ಬಂದು, ಸೆರಗಿನ ಗಂಟು ಬಿಚ್ಚಿ, ಮುಂದಿನ ಬೆಂಚಿನಲ್ಲೇ ಕೂತು ದೋಸೆ ಹೇಳುತ್ತಾರೆ. ಅವರನ್ನು ಒಳಗೆ ಕಳಿಸುವ ಧೈರ್ಯ ಯಾವ ಸಪ್ಲಾಯರಿಗೂ ಇಲ್ಲ. ನಾನು ಹೋಗುವ ಹೋಟೆಲಿನ ಫ್ಯಾಮಿಲಿ ರೂಮಿನಲ್ಲಿ ಈಗ ಈರುಳ್ಳಿ ಮೂಟೆ, ಗ್ಯಾಸಿನ ಸಿಲಿಂಡರು ಇಟ್ಟಿದ್ದಾರೆ. ಪರದೆ ಕಾವಲಿ ಒರೆಸುವ ಬಟ್ಟೆಯಾಗಿರಬಹುದು.

ಕಳೆದ ವರ್ಷ ಅತ್ತೆಯವರನ್ನು ಕಣ್ಣಿನ ಪರೀಕ್ಷೆಗೆ ಕರೆದುಕೊಂಡು ಹೋಗಿದ್ದೆ. ಅವರಿಗೆ ಎಂಬತ್ತು ದಾಟಿದೆ. ಬರುವಾಗ ಆಟೋವನ್ನು ಹೋಟೆಲಿನ ಮುಂದೆ ನಿಲ್ಲಿಸಿದೆ. "ಅಯ್ಯೋ, ಯಾರಾರ ನೋಡ್ಯಾರು" ಎಂದರು. "ನೋಡ್ಲಿ ಬಿಡಿ ಅತ್ತೆ, ನಿಮಗೆ ಹೇಗೂ ಕಣ್ಣಿಗೆ ಔಷಧಿ ಹಾಕಿದ್ದಾರೆ, ಯಾರು ನೋಡಿದ್ರು ಅಂತ ಗೊತ್ತಾಗಲ್ಲ" ಎಂದೆ. ನಗುತ್ತಲೇ ಇಳಿದರು. ಕಾವಲಿಯ ಹತ್ತಿರದ ನನ್ನ ಟೇಬಲ್ಲಿನಲ್ಲಿ ಕೂರಿಸಿದೆ.

ದೋಸೆ ಬಂತು. ಅವರು ಅಂಚು ಮುರಿದು ಬಾಯಿಗಿಟ್ಟುಕೊಂಡು ಬಹಳ ಹೊತ್ತು ಏನೂ ಮಾತಾಡಲಿಲ್ಲ. ಐವತ್ತು ಅರವತ್ತು ವರ್ಷ ಹಿಟ್ಟು ರುಬ್ಬಿದವರು ಅವರು. ನನಗೆ ಪರೀಕ್ಷೆಯ ಫಲಿತಾಂಶ ಕಾಯುವ ಹಾಗಾಗಿತ್ತು. ಕಡೆಗೆ, "ಮೆಂತ್ಯ ಒಂಚೂರು ಮುಂದಾಗೈತಿ. ಬೆಣ್ಣೆ ಭಾಳ ಚಲೋ ಐತಿ" ಎಂದರು. ಇನ್ನೊಂದು ತುತ್ತು ತಿಂದು, "ಇಷ್ಟು ವರ್ಷ ನಾವು ತಿಂದಿದ್ದು ಇದನ್ನಲ್ಲ ಬಿಡು" ಎಂದರು. ಅವರ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ, ಲೆಕ್ಕ ಹಾಕುವವರ ಹಾಗಿತ್ತು. ತಟ್ಟೆ ಖಾಲಿಯಾದ ಮೇಲೆ ಸಪ್ಲಾಯರ್ ಹುಡುಗನನ್ನು ತಾವೇ ಕರೆದು, "ಇನ್ನೊಂದು ತಾ ತಮ್ಮಾ, ಬಿಸೀದು" ಎಂದರು.

ಎದ್ದು ಬರುವಾಗ ಗಲ್ಲಾದ ಹತ್ತಿರ ನಿಂತು, "ನಿಮ್ಮ ಮಾವನೋರಿಗೆ ಒಂದು ಪಾರ್ಸೆಲ್ ಕಟ್ಟಿಸು" ಎಂದರು.

ಮನೆಯಲ್ಲಿ ಮಾವನವರು ಪೊಟ್ಟಣ ಬಿಚ್ಚಿ ಎರಡು ತುತ್ತು ತಿಂದು, "ಹಳೇ ರುಚಿ ಇಲ್ಲ, ತಣ್ಣಗಾಗಿ ನಾರಿನ ಹಂಗಾಗೈತಿ" ಎಂದು ಮುಖ ಸಿಂಡರಿಸಿದರು.

"ಪಾರ್ಸೆಲ್ ಹಂಗೇ ಇರ್ತೈತಿ" ಎಂದು ಅತ್ತೆಯವರು ಕೈಕಾಲು ತೊಳೆಯಲು ಒಳಗೆ ಹೋದರು.